ಸೇವಾ ಸಂಸ್ಥೆಗೆ ದೇಣಿಗೆ: ಹತ್ತಿರದಿಂದ ದೂರಕ್ಕೆ

ದೇಣಿಗೆ ಕೇಳಲು ಹೊರಡುವ ಮೊದಲು ಸಂಸ್ಥೆಯ ಕಾಗದಪತ್ರಗಳು ಸರಿಯಾಗಿರಬೇಕು. ಕರ್ನಾಟಕದಲ್ಲಿ ಸೇವಾ ಸಂಸ್ಥೆಗೆ ಮೂರು ರೂಪಗಳಿವೆ: ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘ, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿ. ಯಾವುದನ್ನು ಆರಿಸಿಕೊಂಡರೂ ಮುಂದಿನ ಕೆಲಸ ಒಂದೇ. ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಬೇಕು, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಗುರುತಿನ ಸಂಖ್ಯೆ ಪಡೆಯಬೇಕು, ಆದಾಯ ತೆರಿಗೆ ಇಲಾಖೆಯಲ್ಲಿ 12ಎ ಮತ್ತು 80ಜಿ ನೋಂದಣಿ ಮಾಡಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿರುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

12ಎ ನೋಂದಣಿಯಿಂದ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಆದರೆ ಆದಾಯದ ಶೇ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು. 80ಜಿ ವಿನಾಯಿತಿ ದೇಣಿಗೆ ಕೊಡುವವರಿಗೆ: ಸಾಮಾನ್ಯವಾಗಿ ದೇಣಿಗೆಯ ಶೇ 50ರಷ್ಟು ಮೊತ್ತ, ಅದೂ ನಿಗದಿತ ಆದಾಯ ಮಿತಿಯೊಳಗೆ, ಕಡಿತಕ್ಕೆ ಅರ್ಹ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಈ ಲಾಭವಿಲ್ಲ. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ನವೀಕರಣದ ತಾರೀಖು ಮರೆತು ನೋಂದಣಿ ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ. ಹಾಗಾಗಿ ಆ ತಾರೀಖು ಕಚೇರಿಯ ಗೋಡೆಯ ಮೇಲಿರಲಿ, ಲೆಕ್ಕಪರಿಶೋಧಕರ ನೆನಪಿನಲ್ಲೂ ಇರಲಿ.

ಇಲ್ಲೊಂದು ಬದಲಾವಣೆಯನ್ನು ಗಮನಿಸಬೇಕು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ 80ಜಿ ಕಡಿತ ಸಿಗುವುದಿಲ್ಲ, ಮತ್ತು ಈಗ ಬೇರೆ ಆಯ್ಕೆ ಮಾಡದಿದ್ದರೆ ಅನ್ವಯವಾಗುವುದು ಅದೇ ಪದ್ಧತಿ. ಮಾರ್ಚ್ ಕೊನೆಯಲ್ಲಿ ‘ತೆರಿಗೆ ಉಳಿಸಿ’ ಎಂದು ಸಂದೇಶ ಕಳಿಸಿ ಹಣ ಕೂಡಿಸುವ ಕಾಲ ಹೀಗೆ ಹಿಂದೆ ಸರಿಯುತ್ತಿದೆ. ಇನ್ನು ಮುಂದೆ ಕೊಡುವವರ ಮನಸ್ಸನ್ನು ಗೆಲ್ಲಬೇಕಾದದ್ದು ಸಂಸ್ಥೆ ಮಾಡುವ ಕೆಲಸವೇ.

ಮೊದಲ ದಾನಿಗಳು

ದೊಡ್ಡ ಕಂಪನಿಯ ಬಾಗಿಲು ತಟ್ಟುವುದರಿಂದ ಆರಂಭಿಸುವ ಸಣ್ಣ ಸಂಸ್ಥೆಗಳು ವರ್ಷಗಟ್ಟಲೆ ಕಾಯುತ್ತವೆ. ಮೊದಲು ಕೇಳಬೇಕಾದವರು ಹತ್ತಿರದವರು. ಟ್ರಸ್ಟಿಗಳೇ ಮೊದಲು ಕೊಡಬೇಕು. ಅವರು ಕೊಡದ ಸಂಸ್ಥೆಗೆ ಊರಿನವರು ಯಾಕೆ ಕೊಡಬೇಕು? ಆಮೇಲೆ ಸ್ವಯಂಸೇವಕರು, ಊರಿನ ವೈದ್ಯರು, ಅಂಗಡಿಯವರು, ನಿವೃತ್ತ ಶಿಕ್ಷಕರು, ಊರಿನ ಶಾಲೆಯಲ್ಲಿ ಓದಿ ಬೆಂಗಳೂರಿಗೆ ಕೆಲಸಕ್ಕೆ ಹೋದವರು. ಈ ಹೆಸರುಗಳ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ಖುದ್ದಾಗಿ ಭೇಟಿಯಾಗಿ ಕೇಳುವುದಕ್ಕೆ ಸಮನಾದ ವಿಧಾನ ಇನ್ನೂ ಬಂದಿಲ್ಲ.

ಎಷ್ಟು ಬೇಕು, ಯಾಕೆ ಬೇಕು ಎಂಬುದನ್ನು ಒಂದೇ ಮಾತಿನಲ್ಲಿ ಹೇಳುವಂತಿರಬೇಕು. ಒಂದು ಮಗುವಿನ ಒಂದು ವರ್ಷದ ಸಂಜೆಪಾಠಕ್ಕೆ ಎಷ್ಟು ಖರ್ಚು ಎಂದು ಲೆಕ್ಕ ಹಾಕುವಾಗ ಪುಸ್ತಕದ ಜೊತೆಗೆ ಶಿಕ್ಷಕಿಯ ಸಂಬಳ, ಕೊಠಡಿ ಬಾಡಿಗೆ, ಕರೆಂಟ್ ಬಿಲ್ಲನ್ನೂ ಸೇರಿಸಬೇಕು. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಅನಾಥಾಲಯದಲ್ಲಿ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮ ಜನರ ಒಳ್ಳೆಯ ರೂಢಿ. ಆದರೆ ಊಟಕ್ಕೆ ಕೊಡುವ ಹತ್ತು ಜನರಲ್ಲಿ ಅಡುಗೆಯವರ ಸಂಬಳಕ್ಕೆ ಕೊಡುವವರನ್ನು ಹುಡುಕಬೇಕಾಗುತ್ತದೆ. ಸಂಬಳದ ಮಾತು ಎತ್ತಲು ಸಂಸ್ಥೆಗಳೂ ಸಂಕೋಚಪಡುತ್ತವೆ. ಈ ಸಂಕೋಚ ಬಿಡಲೇಬೇಕು. ಕಾಳಜಿಯಿಂದ ದುಡಿಯುವವರಿಗೆ ಬದುಕುವಷ್ಟು ಸಂಬಳ ಕೊಡುವುದು ಸೇವೆಯ ಭಾಗವೇ ಎಂದು ದಾನಿಗಳಿಗೆ ನೇರವಾಗಿ ಹೇಳಿದಾಗ ಅನೇಕರು ಒಪ್ಪುತ್ತಾರೆ.

ತಿಂಗಳ ದೇಣಿಗೆ

ಯುಪಿಐ 2016ರಲ್ಲಿ ಬಂತು. 2020ರಲ್ಲಿ ಅದಕ್ಕೆ ಸೇರಿದ ಆಟೊಪೇ ಸೌಲಭ್ಯ ಸಣ್ಣ ಸಂಸ್ಥೆಗಳಿಗೆ ದೊಡ್ಡ ಅನುಕೂಲ ಮಾಡಿಕೊಟ್ಟಿತು. ದಾನಿ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ತಿಂಗಳೂ ನಿಗದಿತ ಮೊತ್ತ ತಾನಾಗಿ ಖಾತೆಗೆ ಬರುತ್ತದೆ. ಬೇಡವೆನಿಸಿದಾಗ ಅವರೇ ನಿಲ್ಲಿಸಬಹುದು. ತಿಂಗಳಿಗೆ 500 ರೂಪಾಯಿ ಕೊಡುವ ನೂರು ಜನ ಸಿಕ್ಕರೆ ವರ್ಷಕ್ಕೆ 6 ಲಕ್ಷ ರೂಪಾಯಿ. ಒಬ್ಬನೇ ದಾನಿ ಕೊಡುವ 6 ಲಕ್ಷಕ್ಕಿಂತ ಇದು ಭದ್ರ, ಏಕೆಂದರೆ ಐದಾರು ಜನ ಬಿಟ್ಟುಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಕ್ಯುಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು. ಕಾರ್ಯದರ್ಶಿಯ ಸ್ವಂತ ಫೋನ್ ನಂಬರಿಗೆ ಹಣ ಹಾಕಿಸಿಕೊಳ್ಳುವುದು, ಎಷ್ಟೇ ಪ್ರಾಮಾಣಿಕ ಉದ್ದೇಶದಿಂದಾದರೂ, ನಂಬಿಕೆಯನ್ನು ಒಮ್ಮೆಗೇ ಕೆಡಿಸುತ್ತದೆ.

ಹಣ ಬಂದ ದಿನವೇ ರಸೀದಿ ಹೋಗಬೇಕು, ಮೂರು ತಿಂಗಳಿಗೊಮ್ಮೆ ಆ ಹಣದಿಂದ ಏನಾಯಿತು ಎಂಬ ಸಣ್ಣ ವರದಿ ಹೋಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಸಾಕು. ಆಗದೆ ಉಳಿದ ಕೆಲಸವನ್ನೂ ಅದರಲ್ಲಿ ಹೇಳಬೇಕು. ಮಕ್ಕಳ, ರೋಗಿಗಳ ಅಳುಮುಖದ ಚಿತ್ರ ತೋರಿಸಿ ಹಣ ಎತ್ತುವುದು ಸಲ್ಲದು. ಸಹಾಯ ಪಡೆಯುವವರ ಮರ್ಯಾದೆ ಕಾಯುವುದೂ ಸಂಸ್ಥೆಯ ಕರ್ತವ್ಯ. ದಾನಿಗಳ ಫೋನ್ ನಂಬರ್, ಪ್ಯಾನ್ ವಿವರಗಳನ್ನು ಗ್ರೂಪುಗಳಲ್ಲಿ ಹಂಚುವಂತಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರ ಕಾಯ್ದೆ ಇದೆ.

ವರ್ಷ ಮುಗಿದ ಮೇಲೆ, ಮೇ 31ರೊಳಗೆ, ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಪಡೆದು ಅವರಿಗೆ ಕಳಿಸಬೇಕು. ಇವು 10ಬಿಡಿ, 10ಬಿಇ ಎಂದು ರೂಢಿಯಲ್ಲಿರುವ ನಮೂನೆಗಳು. ಇದಿಲ್ಲದೆ ದಾನಿಗೆ ಕಡಿತ ಸಿಗದು. ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಶೇ 30ರಷ್ಟು ತೆರಿಗೆ ಬೀಳುತ್ತದೆ. ಆದ್ದರಿಂದ ಕೊಟ್ಟವರ ಹೆಸರು, ವಿಳಾಸ ಬರೆದಿಡುವುದು ಮೊದಲ ದಿನದಿಂದಲೇ ಅಭ್ಯಾಸವಾಗಬೇಕು.

ಒಂದೇ ಉದ್ದೇಶಕ್ಕೆ, ಒಂದು ಗಡುವಿನೊಳಗೆ ಹಣ ಬೇಕಿದ್ದರೆ ಕ್ರೌಡ್‌ಫಂಡಿಂಗ್ ತಾಣಗಳು ಉಪಯುಕ್ತ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಮಿಲಾಪ್ ಅಲ್ಲದೆ ಕೆಟ್ಟೊ, ಗಿವ್ ಕೂಡ ಇವುಗಳಲ್ಲಿ ಹೆಸರಾದವು. ಶುಲ್ಕದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಮೊದಲ ವಾರದ ದೇಣಿಗೆ ಪರಿಚಿತರಿಂದ ಬರದಿದ್ದರೆ ಅಪರಿಚಿತರೂ ಮುಂದೆ ಬರುವುದಿಲ್ಲ. ಅಕ್ಟೋಬರ್ 2ರಿಂದ 8ರವರೆಗೆ ನಡೆಯುವ ದಾನ್ ಉತ್ಸವ್, ಓಟಗಾರರು ಸೇವಾ ಸಂಸ್ಥೆಗಳಿಗಾಗಿ ಹಣ ಕೂಡಿಸುವ ಬೆಂಗಳೂರಿನ ವರ್ಲ್ಡ್ 10ಕೆ ಓಟ ಇಂಥ ಪ್ರಯತ್ನಕ್ಕೆ ಒಳ್ಳೆಯ ಸಂದರ್ಭಗಳು.

ಕಂಪನಿಗಳ ಸಿಎಸ್‌ಆರ್ ಹಣ

500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕು. ಸಿಎಸ್‌ಆರ್ ಎನ್ನುವ ಈ ಹಣ ಪಡೆಯಲು ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಬೇಕು. ಕಂಪನಿಯೇ ಕಟ್ಟದ ಸಂಸ್ಥೆಯಾದರೆ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ತಾನು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕೆಂದು ಕಂಪನಿ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಯಾವ ಕಂಪನಿಗಳಿವೆ ಎಂದು ಮೊದಲು ನೋಡಬೇಕು. ವಾರ್ಷಿಕ ಯೋಜನೆ ಸಿದ್ಧವಾಗುವ ಹೊತ್ತಿಗೆ ಪ್ರಸ್ತಾವ ಅವರ ಕೈಯಲ್ಲಿರಬೇಕು. ಆಡಳಿತ ವೆಚ್ಚದ ಶೇ 5ರ ಮಿತಿಯನ್ನು ಸಂಸ್ಥೆಯ ಮೇಲೆ ಹೇರಲು ಕೆಲವರು ನೋಡುತ್ತಾರೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ. ಯೋಜನೆಗೆ ದುಡಿಯುವವರ ಸಂಬಳವನ್ನು ಬಜೆಟ್ಟಿನಲ್ಲಿ ಧೈರ್ಯವಾಗಿ ಸೇರಿಸಬೇಕು.

ಸಾಕಷ್ಟು ಬೆಳೆದ ಸಂಸ್ಥೆಗಳಿಗೆ ಷೇರುಪೇಟೆಯ ಮೂಲಕ ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ದಾರಿಯೂ ಇದೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್ ಇದರಲ್ಲಿ ಮೊದಲನೆಯದಾಗಿ ಪಟ್ಟಿಯಾಗಿ 1.8 ಕೋಟಿ ರೂಪಾಯಿ ಸಂಗ್ರಹಿಸಿತು. ಹಣ ಹಾಕಿದವರಿಗೆ ಬಡ್ಡಿಯೂ ಇಲ್ಲ, ಅಸಲೂ ಮರಳುವುದಿಲ್ಲ. ಕೆಲಸದ ಫಲದ ವರದಿ ಸಿಗುತ್ತದೆ.

ವಿದೇಶದ ಹಣ

ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಕನ್ನಡಿಗರು ತಮ್ಮೂರಿಗೆ ಕೊಡಲು ಮುಂದೆ ಬರುತ್ತಾರೆ. ಇಲ್ಲಿ ನೋಡಬೇಕಾದದ್ದು ಪಾಸ್‌ಪೋರ್ಟ್. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಒಸಿಐ ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆ ಮೂರು ವರ್ಷ ನಡೆದಿರಬೇಕು, ಆ ಅವಧಿಯಲ್ಲಿ ಮೂಲ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ನೋಂದಣಿ ಇಲ್ಲದ ಸಂಸ್ಥೆ ತನ್ನ ದೇಣಿಗೆ ಅರ್ಜಿಯಲ್ಲೇ ದಾನಿಯ ಪೌರತ್ವ ಕೇಳುವ ಒಂದು ಸಾಲು ಸೇರಿಸಿ, ವಿದೇಶಿ ಪೌರರ ಹಣ ಖಾತೆಗೆ ಬೀಳದಂತೆ ಮೊದಲೇ ತಡೆಯಬೇಕು.