ಸರ್ವರಿನ ಆಡಳಿತ: ಪುಸ್ತಕದಿಂದ ಕಲಿಯುವ ಬಗೆ

ಮುಂಗಾರಿನ ಮೊದಲಲ್ಲಿ ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೋಗುವ ರೈತನ ಕೈಯಲ್ಲಿ ಒಂದು ಕಾಗದವಿರಬೇಕು. ಹೊಲದ ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಬೆಳೆ, ಋಣ ಇವೆಲ್ಲವನ್ನೂ ತಿಳಿಸುವ ಆ ಕಾಗದಕ್ಕೆ ಪಹಣಿ ಎಂದು ಹೆಸರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗರ ಬಾಯಲ್ಲಿ ಅದು ಉತಾರ. ಅದನ್ನು ಪಡೆಯಲು ಹೋದವನಿಗೆ ಒಮ್ಮೊಮ್ಮೆ ಕಿಟಕಿಯ ಆಚೆಯಿಂದ ಒಂದು ಮಾತು ಕೇಳಿಬರುತ್ತದೆ: “ಸರ್ವರ್ ಇಲ್ಲರೀ, ನಾಳೆ ಬರ್ರಿ.” ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಆ ಒಂದು ಮಾತಿನಲ್ಲಿ ಹೋಗುತ್ತವೆ. ಈ ಸರ್ವರ್ ಎಂಬುದು ಏನು, ಅದು ‘ಇಲ್ಲ’ವಾಗುವುದು ಏಕೆ, ಇಲ್ಲವಾಗದಂತೆ ನೋಡಿಕೊಳ್ಳುವ ವಿದ್ಯೆಯನ್ನು ಹೇಳಿಕೊಡುವವರಿಲ್ಲದ ಊರಿನಲ್ಲಿ ಪುಸ್ತಕದ ನೆರವಿನಿಂದ ಕಲಿಯುವುದು ಹೇಗೆ ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ಕಿಟಕಿಯ ಹಿಂದಿನ ಯಂತ್ರ

ಹೋಟೆಲಿನಲ್ಲಿ ನಾವು ಕೇಳಿದ ತಿಂಡಿಯನ್ನು ತಂದಿಡುವವನನ್ನು ಸರ್ವರ್ ಎಂದು ಕರೆಯುತ್ತೇವೆ. ಇಲ್ಲಿಯೂ ಹೆಸರು ಅದೇ, ಕೆಲಸವೂ ಅದೇ. ಬೇರೆ ಗಣಕಯಂತ್ರಗಳು ಕೇಳಿದುದನ್ನು ತನ್ನ ಉಗ್ರಾಣದಿಂದ ಹುಡುಕಿ ಒದಗಿಸುವ ಗಣಕಯಂತ್ರವೇ ಸರ್ವರ್. ಅದಕ್ಕೆ ಹಗಲು ರಾತ್ರಿಗಳ ಭೇದವಿಲ್ಲ. ಅನೇಕರು ಒಮ್ಮೆಗೇ ಕೇಳಿದರೂ ಅದು ಎಲ್ಲರಿಗೂ ಉತ್ತರ ಕೊಡಬೇಕು.

ಕರ್ನಾಟಕದ ತಾಲ್ಲೂಕು ಊರುಗಳಿಗೆ ಈ ಯಂತ್ರವನ್ನು ವ್ಯಾಪಕವಾಗಿ ಕರೆತಂದುದು ‘ಭೂಮಿ’ ಯೋಜನೆ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ 1999ರಲ್ಲಿ ಪ್ರಯೋಗವಾಗಿ ನಡೆದ ಕೆಲಸವು ಕೆಲವೇ ವರ್ಷಗಳಲ್ಲಿ ಆಗಿನ 177 ತಾಲ್ಲೂಕುಗಳಿಗೂ ಹರಡಿತು. ಅಲ್ಲಿಯ ತನಕ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿ ಕೈಬರಹದ ಪುಸ್ತಕಗಳಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ, ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ದೊರೆಯುವಂತಾಯಿತು. ಯಂತ್ರವನ್ನು ನಡೆಸುವವನು ತನ್ನ ಬೆರಳಚ್ಚನ್ನು ಕೊಟ್ಟಲ್ಲದೆ ಒಳಗೆ ಪ್ರವೇಶಿಸುವಂತಿರಲಿಲ್ಲ. ಮುಖ್ಯವಾದ ಮಾತೆಂದರೆ, ಅಂದಿನಿಂದ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಹಳೆಯ ಪುಸ್ತಕ ಕಪಾಟಿನಲ್ಲಿದ್ದರೂ ಅದರಿಂದ ನಕಲು ಕೊಡುವಂತಿಲ್ಲ. ಯಂತ್ರ ನಿಂತರೆ ಕೆಲಸವೂ ನಿಂತಿತು. ಇಂದು ಪಹಣಿಯನ್ನು ಅಂತರಜಾಲದ ಮೂಲಕವೂ ಹೋಬಳಿಯ ನಾಡಕಚೇರಿಯಲ್ಲಿಯೂ ಪಡೆಯಬಹುದಾಗಿದೆ. ಆದರೂ ಎಲ್ಲಿಯೋ ಒಂದು ಕಡೆ ಸರ್ವರು ಇರಲೇಬೇಕು, ಅದನ್ನು ನೋಡಿಕೊಳ್ಳುವವನೂ ಇರಲೇಬೇಕು.

ಯಾರಿಗೆ ಯಾವ ಕಡತವನ್ನು ತೆರೆಯುವ ಅಧಿಕಾರವುಂಟೆಂದು ಗೊತ್ತುಮಾಡುವುದು, ಡಿಸ್ಕಿನಲ್ಲಿ ಸ್ಥಳವಿದೆಯೇ ಎಂದು ನೋಡುವುದು, ವಿದ್ಯುತ್ತು ಹೋಗಿ ಬಂದ ಮೇಲೆ ಸೇವೆಗಳು ತಾವಾಗಿಯೇ ಎದ್ದುವೇ ಎಂದು ಪರೀಕ್ಷಿಸುವುದು, ಜಾಲದ ಸಂಪರ್ಕವನ್ನು ಕಾಯುವುದು, ತಂತ್ರಾಂಶದ ದೋಷಗಳಿಗೆ ಬಂದ ತಿದ್ದುಪಡಿಗಳನ್ನು ಹಾಕುವುದು, ಯಂತ್ರವು ತಾನೇ ಬರೆಯುವ ದಿನಚರಿಯನ್ನು ಓದುವುದು, ಎಲ್ಲದರ ಪ್ರತಿಯನ್ನು ತೆಗೆದಿರಿಸುವುದು: ಇಷ್ಟನ್ನೂ ಒಟ್ಟಾಗಿ ಸರ್ವರಿನ ಆಡಳಿತವೆನ್ನುತ್ತಾರೆ.

ಎರಡು ಬಗೆಯ ಪುಸ್ತಕಗಳು

ಈ ವಿದ್ಯೆಯ ಪುಸ್ತಕಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ನಿಘಂಟಿನಂತಹುದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸಿ, ಅದರ ಕೈಪಿಡಿಯನ್ನು 1971ರ ನವೆಂಬರ್ 3ರಂದು ಹೊರತಂದರು. ಒಂದೊಂದು ಆಜ್ಞೆಗೂ ಒಂದೊಂದು ಪುಟ. ಅದರ ಹೆಸರು, ಬಳಸುವ ರೀತಿ, ವಿವರಣೆ, ಗೊತ್ತಿರುವ ದೋಷಗಳು. ಆ ಕ್ರಮ ಇಂದಿಗೂ ನಡೆದುಬಂದಿದೆ. ಲಿನಕ್ಸ್ ಇರುವ ಯಂತ್ರದಲ್ಲಿ ‘ಮ್ಯಾನ್’ ಎಂದು ಬೆರಳಚ್ಚಿಸಿ, ಮುಂದೆ ಆಜ್ಞೆಯ ಹೆಸರನ್ನು ಕೊಟ್ಟರೆ ಆ ಪುಟ ತೆರೆಯುತ್ತದೆ. ಅದಕ್ಕೆ ಅಂತರಜಾಲದ ಅವಶ್ಯಕತೆಯಿಲ್ಲ.

ಎರಡನೆಯ ಬಗೆಯದು ಅನುಭವಿಯ ಕೈಪಿಡಿ. ಪದದ ಅರ್ಥವನ್ನು ನಿಘಂಟು ಹೇಳುತ್ತದೆ. ಯಾವಾಗ ಯಾವ ಪದವನ್ನು ಬಳಸಬೇಕೆಂಬುದನ್ನು ಅನುಭವಿಯೇ ಹೇಳಬೇಕು. ಕೊಲರಾಡೋ ವಿಶ್ವವಿದ್ಯಾನಿಲಯದ ಅಧ್ಯಾಪಕಿ ಎವಿ ನೆಮೆತ್ ಅವರು ಸಹೋದ್ಯೋಗಿಗಳೊಡನೆ 1989ರಲ್ಲಿ ಪ್ರಕಟಿಸಿದ ಯುನಿಕ್ಸ್ ಆಡಳಿತದ ಕೈಪಿಡಿ ಇಂತಹ ಪುಸ್ತಕಗಳಲ್ಲಿ ಹೆಸರಾದುದು. 1995, 2000, 2010, 2017ರಲ್ಲಿ ಅದರ ಹೊಸ ಆವೃತ್ತಿಗಳು ಬಂದುವು. ನೆಮೆತ್ ಅವರು 2013ರಲ್ಲಿ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟ ಹಾಯಿಹಡಗಿನೊಡನೆ ಕಡಲಿನಲ್ಲಿ ಕಾಣೆಯಾದರು. ಅವರ ಪುಸ್ತಕ ಶಿಷ್ಯರ ಕೈಯಲ್ಲಿ ಮುಂದುವರಿಯಿತು. ರಫಾಯೆಲ್ ಹೆರ್ಟ್ಸಾಗ್ ಮತ್ತು ರೋಲಾಂ ಮಾಸ್ ಎಂಬವರು ಬರೆದ ಡೆಬಿಯನ್ ಆಡಳಿತಗಾರನ ಕೈಪಿಡಿ ಇನ್ನೊಂದು ಒಳ್ಳೆಯ ಪುಸ್ತಕ. ಅದನ್ನು ಬೆಲೆಯಿಲ್ಲದೆ ಪಡೆಯಬಹುದು. ಡೆಬಿಯನ್ ಲಿನಕ್ಸಿನಲ್ಲಿ ಒಮ್ಮೆ ಅನುಸ್ಥಾಪಿಸಿಕೊಂಡರೆ ಆ ಬಳಿಕ ಸಂಪರ್ಕವಿಲ್ಲದೆಯೂ ಓದಬಹುದು. ಸಾವಿರಾರು ರೂಪಾಯಿಯ ಪುಸ್ತಕವನ್ನು ಕೊಳ್ಳಲಾಗದ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ.

ಓದುವ ಕ್ರಮ

ಸಾವಿರ ಪುಟಗಳ ಕೈಪಿಡಿಯನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯ ತನಕ ಓದಲು ಹೊರಟವನು ನೂರನೆಯ ಪುಟದಲ್ಲಿ ನಿದ್ರೆಹೋಗುತ್ತಾನೆ. ಕಡತಗಳು, ಅಧಿಕಾರಗಳು, ನಡೆಯುತ್ತಿರುವ ಕಾರ್ಯಗಳು ಎಂಬ ಮೂರು ಅಧ್ಯಾಯಗಳನ್ನು ಮೊದಲು ನಿಧಾನವಾಗಿ ಓದಬೇಕು. ಉಳಿದವುಗಳ ವಿಷಯಸೂಚಿಯನ್ನು ಮಾತ್ರ ಪರಿಚಯಮಾಡಿಕೊಂಡರೆ ಸಾಕು. ಆಮೇಲೆ ಯಂತ್ರವೇ ಪ್ರಶ್ನೆ ಕೇಳುತ್ತದೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ಪುಸ್ತಕಕ್ಕೆ ಹೋಗಬೇಕು.

ಇದಕ್ಕಾಗಿ ಕೆಟ್ಟರೂ ನಷ್ಟವಿಲ್ಲದ ಒಂದು ಯಂತ್ರ ಬೇಕು. ಮೂಲೆಗೆ ಸೇರಿದ ಹಳೆಯ ಗಣಕಯಂತ್ರವಾದರೂ ಆದೀತು. ಚಿತ್ರಪರದೆಯ ಆಡಂಬರವಿಲ್ಲದ ಡೆಬಿಯನ್ನಿಗೆ ಹೆಚ್ಚಿನ ಸ್ಮೃತಿ ಬೇಕಿಲ್ಲ. ಕಚೇರಿಯ ಸರ್ವರಿನ ಮೇಲೆ ಪ್ರಯೋಗ ನಡೆಸುವುದು ರೋಗಿಯ ಮೇಲೆ ಔಷಧವನ್ನು ಕಲಿತಂತೆ; ಅದು ಸರ್ವಥಾ ಕೂಡದು. ಮೂರನೆಯದಾಗಿ ಒಂದು ನೋಟುಪುಸ್ತಕವಿರಬೇಕು. ಏನು ಕೆಟ್ಟಿತು, ಏನು ಮಾಡಿದೆವು, ಏನಾಯಿತು ಎಂಬುದನ್ನು ತಾರೀಖಿನೊಡನೆ ಬರೆಯಬೇಕು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆಯೆಂದು ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಕಾಗಿಲ್ಲ. ಬಳಕೆಯ ಪಾರಿಭಾಷಿಕ ಪದಗಳು ಕೆಲವು ನೂರು ಮಾತ್ರ. ಒಂದೊಂದನ್ನೂ ನೋಟುಪುಸ್ತಕದಲ್ಲಿ ಬರೆದು, ಎದುರಿಗೆ ತಮ್ಮದೇ ಕನ್ನಡದಲ್ಲಿ ಅರ್ಥವನ್ನು ವಿವರಿಸಿಕೊಂಡರೆ ಭಾಷೆಯ ತೊಡಕೂ ಬಿಡುತ್ತದೆ, ವಿಷಯವೂ ನಿಲ್ಲುತ್ತದೆ.

ಮೊದಲನೆಯ ಪಾಠ: ತುಂಬಿದ ಡಿಸ್ಕು

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಳಗ್ಗೆ ಸರ್ವರು ಹೊಸ ವಿವರಗಳನ್ನು ಬರೆದುಕೊಳ್ಳಲು ಒಲ್ಲೆನೆನ್ನುತ್ತದೆ. ತಿಳಿಯದವನು ಯಂತ್ರವನ್ನು ಆರಿಸಿ ಹೊತ್ತಿಸುತ್ತಾನೆ. ಪುಸ್ತಕ ಓದಿದವನು ಮೊದಲು ಯಂತ್ರದ ದಿನಚರಿಯನ್ನು ನೋಡುತ್ತಾನೆ. ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಅಲ್ಲಿ ಬರೆದಿದೆ. ‘ಡಿಎಫ್’ ಎಂಬ ಆಜ್ಞೆ ಡಿಸ್ಕು ನೂರಕ್ಕೆ ನೂರು ತುಂಬಿದೆಯೆನ್ನುತ್ತದೆ. ಯಾವ ಕೋಶ ಎಷ್ಟು ಸ್ಥಳವನ್ನು ನುಂಗಿದೆಯೆಂದು ‘ಡಿಯು’ ಎಂಬ ಆಜ್ಞೆ ಕೂಡಿ ಹೇಳುತ್ತದೆ. ದಿನಚರಿಯ ಕಡತವೇ ಬೆಳೆಬೆಳೆದು ಬೆಟ್ಟವಾಗಿದೆ. ಸರಿ, ಅದನ್ನು ಅಳಿಸಿದೆವು. ಆಶ್ಚರ್ಯ! ಡಿಸ್ಕು ಮೊದಲಿನಂತೆಯೇ ತುಂಬಿದೆ. ‘ಡಿಯು’ ಕೊಟ್ಟ ಮೊತ್ತ ಇಳಿದಿದೆ, ‘ಡಿಎಫ್’ ಕೊಟ್ಟದ್ದು ಇಳಿದಿಲ್ಲ.

ಕಡತಗಳ ಅಧ್ಯಾಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಕಡತ ಬೇರೆ, ಅದರ ಹೆಸರು ಬೇರೆ. ಕಡತದ ಒಡೆಯ, ಅಳತೆ, ಡಿಸ್ಕಿನಲ್ಲಿ ಅದಿರುವ ಸ್ಥಾನ ಇವೆಲ್ಲ ‘ಐನೋಡ್’ ಎಂಬ ಸಣ್ಣ ದಾಖಲೆಯಲ್ಲಿವೆ. ಕೋಶದಲ್ಲಿರುವುದು ಹೆಸರು ಮತ್ತು ಐನೋಡಿನ ಸಂಖ್ಯೆ ಮಾತ್ರ. ಅಳಿಸುವುದೆಂದರೆ ಆ ಹೆಸರನ್ನು ಹೊಡೆದುಹಾಕುವುದಷ್ಟೆ. ಕಡತವನ್ನು ಒಂದು ಕಾರ್ಯಕ್ರಮ ಇನ್ನೂ ತೆರೆದುಕೊಂಡಿದ್ದರೆ, ಅದು ಮುಚ್ಚುವ ತನಕ ಸ್ಥಳ ಬಿಡುಗಡೆಯಾಗದು. ಉತಾರದಿಂದ ಹೆಸರನ್ನು ತೆಗೆದ ಮಾತ್ರಕ್ಕೆ ಉಳುತ್ತಿರುವವನು ಹೊಲ ಬಿಟ್ಟು ಏಳುವುದಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಆ ಸೇವೆಯನ್ನು ಮಾತ್ರ ನಿಲ್ಲಿಸಿ ಮತ್ತೆ ಪ್ರಾರಂಭಿಸಿದರೆ ಸ್ಥಳ ತೆರವಾಗುತ್ತದೆ. ಮುಂದೆ ಹೀಗಾಗದಂತೆ ಹಳೆಯ ದಿನಚರಿಯನ್ನು ಕಾಲಕಾಲಕ್ಕೆ ಬದಿಗೆ ಸರಿಸುವ ‘ಲಾಗ್‌ರೊಟೇಟ್’ ಎಂಬ ಏರ್ಪಾಡನ್ನು ಮಾಡಬೇಕು.

ಆರಿಸಿ ಹೊತ್ತಿಸಿದವನಿಗೂ ಸ್ಥಳ ದೊರೆಯುತ್ತಿತ್ತು, ನಿಜ. ಆದರೆ ಏಕೆ ದೊರೆಯಿತೆಂದು ಅವನಿಗೆ ತಿಳಿಯದು. ಕೆಲವು ವಾರಗಳ ಮೇಲೆ ಅದೇ ತೊಂದರೆ ಮರಳಿ ಬರುತ್ತದೆ. ಇದೇ ಅಧ್ಯಾಯವನ್ನು ಓದಿದವನಿಗೆ ಇನ್ನೆರಡು ಒಗಟುಗಳೂ ಬಿಡುತ್ತವೆ. ಸ್ಥಳವಿದ್ದರೂ ಹೊಸ ಕಡತ ಹುಟ್ಟದಿದ್ದರೆ ಐನೋಡುಗಳೇ ಮುಗಿದಿರಬಹುದು. ಇತರರಿಗೆ ಸ್ಥಳವಿಲ್ಲದಿದ್ದರೂ ‘ರೂಟ್’ ಎಂಬ ಮೇಲಧಿಕಾರಿಗೆ ಇದ್ದರೆ, ಲಿನಕ್ಸಿನ ‘ಎಕ್ಸ್ಟ್’ ವರ್ಗದ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5 ಪಾಲನ್ನು ಅವನಿಗೆಂದು ಕಾದಿರಿಸುವುದೇ ಅದಕ್ಕೆ ಕಾರಣ.

ಎರಡನೆಯ ಪಾಠ: ಪ್ರತಿಯ ಪರೀಕ್ಷೆ

ಅನುಭವಿಗಳು ಒತ್ತಿ ಹೇಳುವ ಮಾತೊಂದುಂಟು: ಪ್ರತಿಗಳು ಮೂರಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಎರಡು ಡಿಸ್ಕುಗಳಲ್ಲಿ ಒಂದೇ ಸಮನೆ ಬರೆಯುವ ಏರ್ಪಾಡು ಪ್ರತಿಯಲ್ಲ. ಅದು ಡಿಸ್ಕು ಸುಟ್ಟಾಗ ಕಾಪಾಡೀತು, ತಪ್ಪಾಗಿ ಅಳಿಸಿದಾಗ ಕಾಪಾಡದು. ಅಳಿಸುವಿಕೆಯೂ ಎರಡರಲ್ಲಿಯೂ ಒಂದೇ ಸಮನೆ ಆಗುತ್ತದೆ.

ಪ್ರತಿ ತೆಗೆದರೆ ಮಾತ್ರ ಸಾಲದೆಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯವರು ಮುಚ್ಚುಮರೆಯಿಲ್ಲದೆ ಲೋಕಕ್ಕೆ ತಿಳಿಸಿದ ತಮ್ಮ ಅನುಭವವೇ ಸಾಕ್ಷಿ. 2017ರ ಜನವರಿ 31ರ ರಾತ್ರಿ ಅಲ್ಲಿಯ ಒಬ್ಬ ತಂತ್ರಜ್ಞ ಎರಡನೆಯ ಸರ್ವರೆಂದು ಭ್ರಮಿಸಿ ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸತೊಡಗಿದ. ಒಂದೆರಡು ಕ್ಷಣಗಳಲ್ಲಿ ತಪ್ಪು ತಿಳಿದು ಕೈ ಹಿಂದೆಗೆದನಾದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದುದು ಐದಕ್ಕೂ ಕಡಮೆ. ಪ್ರತಿಗಳಿಗಾಗಿ ಹುಡುಕಿದಾಗ ಅವಿರಬೇಕಾದ ಸ್ಥಳ ಬರಿದಾಗಿತ್ತು. ಪ್ರತಿ ತೆಗೆಯುವ ಉಪಕರಣದ ಆವೃತ್ತಿ ಹಳೆಯದು, ದತ್ತಾಂಶದ ವ್ಯವಸ್ಥೆ ಹೊಸದು; ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಪತ್ರಗಳೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ 6 ಗಂಟೆ ಮುಂಚೆ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ಉಳಿದದ್ದು ಉಳಿಯಿತು. ಆ 6 ಗಂಟೆಗಳ ದತ್ತಾಂಶ ಹೋಯಿತು.

ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟ. ಮರಳಿ ಸ್ಥಾಪಿಸಿ ನೋಡದ ಪ್ರತಿ, ಮೊಳಕೆ ಪರೀಕ್ಷೆ ಮಾಡದ ಬಿತ್ತನೆಯ ಬೀಜದಂತೆ. ಚೀಲ ತುಂಬಿರುವುದು ಮಾತ್ರ ಕಾಣುತ್ತದೆ. ಹುಟ್ಟುವುದೋ ಇಲ್ಲವೋ ಬಿತ್ತಿದ ಮೇಲೆಯೇ ತಿಳಿಯುವುದಾದರೆ ಹಂಗಾಮು ಮೀರಿರುತ್ತದೆ. ತಿಂಗಳಿಗೊಮ್ಮೆಯಾದರೂ ಅಭ್ಯಾಸದ ಯಂತ್ರದಲ್ಲಿ ಪ್ರತಿಯಿಂದ ಎಲ್ಲವನ್ನೂ ಮರಳಿ ಕಟ್ಟಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಬೇಕು.

ಪುಸ್ತಕ ಹೇಳದಿರುವುದು

ಒಳ್ಳೆಯ ಪುಸ್ತಕಕ್ಕೂ ಮಿತಿಯುಂಟು. ಮೊದಲನೆಯದು ಕಾಲದ ಮಿತಿ. 2000ದ ಆವೃತ್ತಿಯನ್ನು ಓದಿ ಇಂದಿನ ಯಂತ್ರದ ಮುಂದೆ ಕುಳಿತವನಿಗೆ ಸೇವೆಗಳನ್ನು ಎಬ್ಬಿಸುವ ಹಳೆಯ ಕ್ರಮ ಸಿಗದು; ಡೆಬಿಯನ್ನಿನಲ್ಲಿ 2015ರಿಂದ ‘ಸಿಸ್ಟಮ್‌ಡಿ’ ಎಂಬುದು ಆ ಸ್ಥಾನಕ್ಕೆ ಬಂದಿದೆ. ಆಜ್ಞೆಗಳು ಬದಲಾಗುತ್ತವೆ, ತತ್ತ್ವಗಳು ಬದಲಾಗುವುದು ಕಡಮೆ. ಐನೋಡಿನ ಮಾತು 1971ರಲ್ಲಿಯೂ ನಿಜವಾಗಿತ್ತು, ಇಂದೂ ನಿಜ.

ಎರಡನೆಯದು ನಮ್ಮ ನುಡಿಗೆ ಸಂಬಂಧಿಸಿದುದು. ಯುನಿಕೋಡಿನ ‘ಯುಟಿಎಫ್-8’ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಗುಣಿತದ ಚಿಹ್ನೆಯೂ ಒತ್ತಕ್ಷರವನ್ನು ಕೂಡಿಸುವ ಹಲಂತವೂ ಬೇರೆ ಬೇರೆ ಸಂಕೇತಗಳೇ. ಆದುದರಿಂದ ‘ಸವಣೂರು’ 6 ಸಂಕೇತ, 18 ಬೈಟು. ‘ಹಾನಗಲ್ಲ’ 7 ಸಂಕೇತ, 21 ಬೈಟು. ‘ಶಿಗ್ಗಾಂವಿ’ 27, ‘ಹಿರೇಕೆರೂರು’ 30 ಬೈಟುಗಳು. ಊರಿನ ಹೆಸರಿಗೆ 20 ಬೈಟುಗಳ ಕೋಷ್ಠಕವನ್ನು ಯಾರೋ ಇಟ್ಟಿದ್ದರೆನ್ನೋಣ. ಸವಣೂರು ಹಿಡಿಸುತ್ತದೆ. ಹಾನಗಲ್ಲದ ಕೊನೆಯ ಸಂಕೇತ ಒಂದು ಬೈಟಿನ ಕೊರತೆಯಿಂದ ಮುರಿದು, ಅರ್ಥವಿಲ್ಲದ ಗುರುತಾಗುತ್ತದೆ. ಹಿರೇಕೆರೂರು ‘ಹಿರೇಕೆ’ಯಲ್ಲಿಯೇ ನಿಲ್ಲುತ್ತದೆ. ಕೆಲವು ವ್ಯವಸ್ಥೆಗಳು ಕೋಷ್ಠಕದ ಅಗಲವನ್ನು ಅಕ್ಷರಗಳಲ್ಲಿ ಅಳೆಯುತ್ತವೆ, ಕೆಲವು ಬೈಟುಗಳಲ್ಲಿ. ಊರಿನ ಹೆಸರಿಗೆ ಆದದ್ದು ಒಡೆಯನ ಹೆಸರಿಗೂ ಆಗಬಹುದು. ಉತಾರದಲ್ಲಿ ಹೆಸರು ಅರ್ಧವಾದರೆ ಸಾಲವೂ ವಾರಸೂ ಅರ್ಧದಲ್ಲಿ ನಿಲ್ಲಬಹುದು. ಇಂಗ್ಲಿಷ್ ಕೈಪಿಡಿಯ ಉದಾಹರಣೆಗಳಲ್ಲಿ ಇಂತಹುದು ಸುಲಭವಾಗಿ ಸಿಗುವುದಿಲ್ಲ. ತತ್ತ್ವವನ್ನು ಅಲ್ಲಿಂದ ಪಡೆದು, ಉದಾಹರಣೆಯನ್ನು ನಮ್ಮ ನೋಟುಪುಸ್ತಕದಲ್ಲಿ ನಾವೇ ಬರೆದುಕೊಳ್ಳಬೇಕು.

ಅಭ್ಯಾಸ

ಕಲಿಯಬಯಸುವವರು ಈ ನಾಲ್ಕು ಕೆಲಸಗಳಿಂದ ತೊಡಗಬಹುದು. ಅಭ್ಯಾಸದ ಯಂತ್ರದಲ್ಲಿ ಒಂದು ಸಣ್ಣ ವಿಭಾಗವನ್ನು ಬೇಕೆಂದೇ ತುಂಬಿಸಿ, ಮೇಲೆ ಹೇಳಿದ ಒಗಟನ್ನು ಕಣ್ಣಾರೆ ನೋಡಿರಿ. ಒಂದು ಸೇವೆಯನ್ನು ಸ್ಥಾಪಿಸಿ, ಯಂತ್ರದ ವಿದ್ಯುತ್ತನ್ನು ಕಿತ್ತು, ಮರಳಿ ಕೊಟ್ಟಾಗ ಅದು ತಾನಾಗಿ ಏಳುವುದೇ ಎಂದು ಪರೀಕ್ಷಿಸಿರಿ. ದತ್ತಾಂಶವನ್ನೆಲ್ಲ ಅಳಿಸಿ, ಪ್ರತಿಯಿಂದ ಮರಳಿ ಕಟ್ಟಿರಿ. ನಿಮ್ಮ ಹೆಸರಿಗೂ ನಿಮ್ಮ ಊರಿನ ಹೆಸರಿಗೂ ಎಷ್ಟು ಬೈಟುಗಳಾಗುತ್ತವೆಂದು ಎಣಿಸಿರಿ. ಒಂದೊಂದರಲ್ಲಿಯೂ ತೊಡಕು ಬಂದಾಗ ಪುಸ್ತಕವನ್ನು ತೆರೆಯಿರಿ. ಆಗ ಓದಿದ ಪುಟ ಮರೆಯುವುದಿಲ್ಲ.

ದೂರದ ಹಳ್ಳಿಯಿಂದ ಬಂದವನು ಕಿಟಕಿಯ ಮುಂದೆ ನಿಂತಾಗ ಅವನಿಗೆ ಯುನಿಕ್ಸೂ ಬೇಡ, ಐನೋಡೂ ಬೇಡ; ಅವನ ಉತಾರ ಬೇಕು. ಅದನ್ನು ಅಂದೇ ಕೊಟ್ಟು ಕಳುಹಿಸುವಂತಾದರೆ, ಕಿಟಕಿಯ ಹಿಂದೆ ಯಾರೋ ಒಬ್ಬರು ಪುಸ್ತಕವನ್ನು ಸರಿಯಾಗಿ ಓದಿದ್ದಾರೆಂದು ತಿಳಿಯಬಹುದು.