ಮೊದಲು ಟೈರು, ಆಮೇಲೆ ಸ್ಪ್ರಿಂಗು

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟಿಗೆ ಸ್ಪೋರ್ಟ್ಸ್ ಕಾರು ಒಯ್ಯುವವರು ಮೊದಲು ದುಡ್ಡು ಹಾಕಬೇಕಾದ್ದು ಟೈರಿಗೆ, ಸಸ್ಪೆನ್ಶನ್‌ಗಲ್ಲ. ಅಲ್ಲಿ 5.125 ಕಿ.ಮೀ. ಸುತ್ತಿಗೆ 16 ತಿರುವು. ಕಿಲೋಮೀಟರಿಗೂ ಉದ್ದದ ನೇರದಾರಿಯ ಕೊನೆಗೆ ಜೋರು ಬ್ರೇಕು. ಆಗ ಕಾರನ್ನು ಹಿಡಿದಿಡುವುದು ನೆಲಕ್ಕೆ ತಾಗುವ ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳು ಮಾತ್ರ. ಅವೇ ಜಾರಿದರೆ ಸಸ್ಪೆನ್ಶನ್‌ನ ದುಬಾರಿ ಡ್ಯಾಂಪರ್ ಏನು ಮಾಡೀತು? ಜನವರಿಯ ಚಳಿಯಲ್ಲಿ ಟೈರು ಕಾಯುವ ತನಕ ಅವಸರ ಬೇಡ. ಕಾದ ಮೇಲೆ ಗಾಳಿಯ ಒತ್ತಡ ಏರುವುದರಿಂದ ಟ್ರ್ಯಾಕಿನಿಂದ ಬಂದ ಕೂಡಲೇ ಅಳೆಯಿರಿ.

‘ತಿರುವಿನಲ್ಲಿ ಕಾರು ವಾಲಿದರೆ ಒಳ್ಳೆಯ ಟೈರೂ ಹಾಳಲ್ಲವೇ?’ ಎಂಬ ಆಕ್ಷೇಪ ನಿಜವೇ. ಹೊರ ಅಂಚು ಬೇಗ ಸವೆಯುತ್ತದೆ. ಆದರೆ ಆ ಸವೆತ ನೋಡಿಯೇ ಕ್ಯಾಂಬರ್ (ಚಕ್ರದ ಓರೆ), ಸ್ಪ್ರಿಂಗ್ ಆರಿಸಬೇಕು. ಸುಮ್ಮನೆ ಸಸ್ಪೆನ್ಶನ್ ಬಿಗಿ ಮಾಡಿಸಿದರೆ, ಮನೆಗೆ ಮರಳುವಾಗ ದಿಲ್ಲಿಯ ಹಂಪುಗಳು ಸೊಂಟಕ್ಕೆ ಲೆಕ್ಕ ಒಪ್ಪಿಸುತ್ತವೆ.