ಚೇಣಿಗೆ ಕೊಡಿ, ಕ್ರಯಕ್ಕೆ ಕೊಡಬೇಡಿ

ತೀರ್ಥಹಳ್ಳಿ ಪೇಟೆಯಲ್ಲಿ ಸಿನಿಮಾ ಹುಚ್ಚಿನ ಹುಡುಗರು ಸಿಕ್ಕಾಗ ಕೇಳುವುದು ಒಂದೇ ಮಾತು: ‘ಸರ್, ಆರ್ಟ್ ಸಿನಿಮಾ ಮಾಡಿ ಬದುಕೋಕಾಗುತ್ತಾ?’ ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ್ದು ಮೂರು ಚಿತ್ರ. ಇವತ್ತು ಕೈಸಾಲವಿಲ್ಲ, ಎರಡೆಕರೆ ಅಡಿಕೆ ತೋಟ ಉಳಿದಿದೆ, ಮೂರನೆಯ ಚಿತ್ರದ ಹಕ್ಕು ನನ್ನ ಹೆಸರಿನಲ್ಲೇ ಇದೆ. ಇಷ್ಟಕ್ಕೆ ಬಂದು ನಿಲ್ಲುವಷ್ಟರಲ್ಲಿ ಕಲಿತದ್ದನ್ನು ಆ ಹುಡುಗರಿಗಾಗಿಯೇ ಬರೆಯುತ್ತಿದ್ದೇನೆ.

1. ಪ್ರಶಸ್ತಿಯ ಹಣವನ್ನು ಲೆಕ್ಕದಲ್ಲಿ ಹಿಡಿಯಬೇಡಿ. ನಮ್ಮ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’, ಈ ನಾಲ್ಕೂ ಸ್ವರ್ಣಕಮಲ ಪಡೆದವು. ಆ ಗೌರವಕ್ಕೆ ಬೆಲೆ ಕಟ್ಟಲಾಗದು. ಆದರೆ ಸ್ವರ್ಣಕಮಲದ ಜೊತೆ ಈಗ ಬರುವ ನಗದು 3 ಲಕ್ಷ. ಕ್ವಿಂಟಾಲಿಗೆ 50 ಸಾವಿರದ ಧಾರಣೆ ಹಿಡಿದರೆ ಆರು ಕ್ವಿಂಟಾಲ್ ರಾಶಿ ಇಡಿ ಅಡಿಕೆಯ ದುಡ್ಡು. ನಲವತ್ತು ಜನರ ತಂಡಕ್ಕೆ ಒಂದು ತಿಂಗಳು ಊಟ, ವಸತಿ ನೋಡಿಕೊಂಡವರಿಗೆ ಅದು ಎಲ್ಲಿಗೆ ಸಾಲುತ್ತದೆಂದು ಗೊತ್ತು.

2. ಸಬ್ಸಿಡಿ ಬಂಡವಾಳವಲ್ಲ. ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಒಪ್ಪಿದ ಮೇಲೆ ಬರುವ ಹಣ ಅದು. ಅದನ್ನು ನಂಬಿ ಬಡ್ಡಿಗೆ ಸಾಲ ತಂದರೆ ಸಬ್ಸಿಡಿ ಬಡ್ಡಿಗೇ ಹೋಗುತ್ತದೆ.

3. ಮನೆಯವರ ಅನ್ನದ ಮೂಲವನ್ನು ಅಡವಿಡಬೇಡಿ. ಮೊದಲ ಚಿತ್ರಕ್ಕೆ ನಾನು ತೋಟದ ಮೇಲೆ ಸಾಲ ಎತ್ತಿದೆ. ಆ ಮಳೆಗಾಲ ಬೋರ್ಡೋ ದ್ರಾವಣ ಹೊಡೆಸಲು ಬಿಡುವೇ ಕೊಡಲಿಲ್ಲ; ಕೊಳೆರೋಗ ಬಂತು. ಎಡಿಟಿಂಗ್ ನಡುವೆ ಎರಡು ದಿನಕ್ಕೆಂದು ಊರಿಗೆ ಬಂದಾಗ ಅಪ್ಪಯ್ಯ ಕಂಬಳಿಕೊಪ್ಪೆ ಹೊದ್ದು ಮರದ ಬುಡದಲ್ಲಿ ಕೂತು, ಉದುರಿದ ಎಳೆಗಾಯಿಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಕಾಯಿಯ ಮೇಲೆ ಬಿಳಿ ಬೂಷ್ಟು. ‘ಯಾಕೆ ಆರಿಸ್ತೀರಿ, ಇದು ಯಾವುದಕ್ಕೂ ಬರಲ್ಲವಲ್ಲ’ ಎಂದೆ. ‘ಬಿದ್ದಲ್ಲೇ ಬಿಟ್ರೆ ಬರೋ ವರ್ಷಕ್ಕೂ ರೋಗ ಉಳೀತದೆ ಮಾರಾಯ’ ಎಂದರು. ಸಾಲದ ಮಾತು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಮುಂದಿನ ವರ್ಷ ಮುಕ್ಕಾಲು ಎಕರೆ ಮಾರಿ ಸಾಲ ತೀರಿಸಿದೆವು. ಆ ಜಾಗದ ಬೇಲಿ ದಾಟುವಾಗ ಈಗಲೂ ನನ್ನ ಕಾಲು ನಿಧಾನವಾಗುತ್ತದೆ.

ಅಡವಿಡುವ ಬದಲು ನಿರ್ಮಾಪಕರನ್ನು ಹುಡುಕಿ. ಕಾಸರವಳ್ಳಿಯವರ ಚಿತ್ರಗಳ ನಿರ್ಮಾಪಕರು ಯಾರೆಂದು ನೋಡಿ: ‘ಘಟಶ್ರಾದ್ಧ’ಕ್ಕೆ ಸದಾನಂದ ಸುವರ್ಣ, ‘ತಾಯಿ ಸಾಹೇಬ’ಕ್ಕೆ ಜಯಮಾಲಾ, ‘ದ್ವೀಪ’ಕ್ಕೆ ಸೌಂದರ್ಯ, ‘ಗುಲಾಬಿ ಟಾಕೀಸ್’ಗೆ ಬಸಂತಕುಮಾರ್ ಪಾಟೀಲ್. ಇಂಥ ಚಿತ್ರ ಬೇಕು ಎಂದು ತಾವೇ ಬಯಸಿದ ಒಬ್ಬರನ್ನು ಹುಡುಕಲು ಎರಡು ವರ್ಷ ಹಿಡಿದರೂ ಹಿಡಿಯಲಿ. ಆ ಎರಡು ವರ್ಷ ತೋಟಕ್ಕಿಂತ ಅಗ್ಗ.

4. ಹಕ್ಕನ್ನು ಚೇಣಿಗೆ ಕೊಡಿ, ಕ್ರಯಕ್ಕೆ ಕೊಡಬೇಡಿ. ಈ ಒಂದು ಪಾಠಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕೂತೆ. ನಮ್ಮಲ್ಲಿ ಫಸಲು ಚೇಣಿಗೆ ಕೊಡುತ್ತೇವೆ. ಕೊಯ್ಲು ಚೇಣಿ ಹಿಡಿದವರದು, ಮರ ನಮ್ಮದು, ಅವಧಿ ಒಂದು ವರ್ಷ. ನನ್ನ ಮೊದಲ ಚಿತ್ರದ ಕರಾರಿನಲ್ಲಿ ‘ಸಕಲ ಹಕ್ಕುಗಳೂ, ಶಾಶ್ವತವಾಗಿ’ ಎಂದಿತ್ತು. ಓದದೆ ಸಹಿ ಹಾಕಿದೆ. ಆಮೇಲೆ ಆ ಚಿತ್ರ ಟಿವಿಯಲ್ಲಿ ಎಷ್ಟೋ ಸಲ ಬಂತು; ನನಗೆ ಬಿಡಿಗಾಸಿಲ್ಲ.

ನಮ್ಮ ಕೃತಿಸ್ವಾಮ್ಯ ಕಾನೂನಿನ ಕಣ್ಣಿಗೆ ಚಿತ್ರದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ಆ ಹಕ್ಕಿನ ಆಯಸ್ಸು 60 ವರ್ಷ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಹಾಕಿತು, ಹಕ್ಕೂ ಅದರದೇ ಆಯಿತು. ಆದರೆ 2012ರ ತಿದ್ದುಪಡಿ ಬರೆದವರ ಕೈ ಹಿಡಿದಿದೆ. ಚಿತ್ರಕಥೆ ಬರೆದವರಿಗೆ ಥಿಯೇಟರಿನ ಆಚೆಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಪಾಲುಂಟು. ಅದನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಆ ಕರಾರು ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಚಿತ್ರಕಥೆ ನೀವೇ ಬರೆಯಿರಿ, ಟೈಟಲ್ಲಿನಲ್ಲೂ ಕರಾರಿನಲ್ಲೂ ಹೆಸರು ಹಾಕಿಸಿ. ತಾವೇ ನಿರ್ಮಾಪಕರಾಗುವವರಿಗೂ ಒಂದು ಮಾತು: ಟಿವಿಗೆ ಇಷ್ಟು ವರ್ಷ, ಓಟಿಟಿಗೆ ಇಷ್ಟು ವರ್ಷ ಎಂದು ಬೇರೆಬೇರೆ ಕರಾರು ಮಾಡಿಕೊಳ್ಳಿ. ನನ್ನ ಮೂರನೆಯ ಚಿತ್ರವನ್ನು ಹೀಗೆ ಐದು ವರ್ಷಕ್ಕೊಮ್ಮೆ ಕೊಡುತ್ತೇನೆ. ದೊಡ್ಡ ಮೊತ್ತವಲ್ಲ, ಆದರೆ ಫಸಲಿನಂತೆ ಮತ್ತೆ ಬರುತ್ತದೆ.

5. ನೆಗೆಟಿವ್ ನಿಮ್ಮ ಪಹಣಿ. ಮೊದಲ ಚಿತ್ರದ ಡಬ್ಬಿಗಳನ್ನು ಒಂದು ಲ್ಯಾಬಿನಲ್ಲಿ ಬಿಟ್ಟು ಮರೆತಿದ್ದೆ. ಹನ್ನೊಂದು ವರ್ಷದ ಮೇಲೆ ಮುಚ್ಚಳ ತೆಗೆದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯಿತು; ರೀಲು ಅಂಟಿಕೊಂಡು ಒಣ ಹಾಳೆಯಂತೆ ಮುದುರಿತ್ತು. 1977ರ ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆದದ್ದು ಅದರ ಮೂಲ ನೆಗೆಟಿವ್ ಉಳಿದಿದ್ದರಿಂದ. ಈಗ ಹಾರ್ಡ್ ಡಿಸ್ಕಿನ ಕಾಲ. ಮೂರು ಪ್ರತಿ ಇಡಿ, ಒಂದು ಬೇರೆ ಊರಿನಲ್ಲಿರಲಿ. ಮಲೆನಾಡಿನ ಥಂಡಿ ಗೋದ್ರೇಜ್ ಬೀರುವಿನ ಒಳಗೂ ಹೋಗುತ್ತದೆ.

6. ಎರಡನೆಯ ಕಸುಬಿಗೆ ನಾಚಬೇಡಿ. ರಾಯ್ ಅವರ ಮನೆ ನಡೆಸುವುದರಲ್ಲಿ ಅವರು ಬರೆದ ಫೆಲೂದಾ ಪತ್ತೇದಾರಿ ಪುಸ್ತಕಗಳ ಪಾಲು ದೊಡ್ಡದು. ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಟಿವಿಗೆ ಧಾರಾವಾಹಿ ಮಾಡಿದರು. ನಾನು ಕಾಲೇಜುಗಳಲ್ಲಿ ಪಾಠ ಹೇಳುತ್ತೇನೆ, ಸಾಕ್ಷ್ಯಚಿತ್ರ ಮಾಡಿಕೊಡುತ್ತೇನೆ. ತಿಂಗಳ ಖರ್ಚು ಅದರಿಂದ ನಡೆಯುವುದರಿಂದಲೇ ಒಲ್ಲದ ಚಿತ್ರಕ್ಕೆ ‘ಬೇಡ’ ಎನ್ನುವ ಧೈರ್ಯ ಬಂದಿದೆ.

7. ಪ್ರೇಕ್ಷಕರ ಹತ್ತಿರ ನೀವೇ ಹೋಗಿ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಆ ನೆಲ ಹದವಾಗಿದೆ. ಮೂರನೆಯ ಚಿತ್ರವನ್ನು ಪ್ರೊಜೆಕ್ಟರ್, ಪರದೆ, ಎರಡು ಸ್ಪೀಕರ್ ಹೊತ್ತು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಶಾಲೆ, ಸಮುದಾಯ ಭವನ ಎನ್ನದೆ ಅರವತ್ತೆರಡು ಕಡೆ ತೋರಿಸಿದೆ. ತಲೆಗೆ ಐವತ್ತು ರೂಪಾಯಿ. ಹೊಸನಗರದ ಕಡೆ ಒಂದು ಊರಲ್ಲಿ ಕರೆಂಟು ಹೋಗಿ ಮುಕ್ಕಾಲು ಗಂಟೆ ಕತ್ತಲು, ಎದ್ದುಹೋದವರು ಇಬ್ಬರೇ. ಮುಗಿದ ಮೇಲೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಇನ್ನೂ ಐವತ್ತು ರೂಪಾಯಿ ಕೊಟ್ಟರು. ‘ಅಜ್ಜಿ, ನಿಮ್ಮದು ಆಗ್ಲೇ ಕೊಟ್ಟಿದೀರಿ’ ಎಂದೆ. ‘ಇದು ನಾಳೆದು. ಮಗಳನ್ನ ಕರ್ಕೊಂಡು ಬರ್ತೀನಿ, ಇನ್ನೊಂದ್ಸಲ ಹಾಕು’ ಎಂದರು. ಮಾರನೆಯ ದಿನಕ್ಕೆ ಬೇರೆ ಊರು ಗೊತ್ತಾಗಿತ್ತು. ಅಲ್ಲಿಗೆ ಫೋನ್ ಮಾಡಿ ಒಂದು ದಿನ ಮುಂದೆ ಹಾಕಿಸಿದೆ.